ನಾಗಮಂಗಲದಲ್ಲಿ ಒಂದು ರಕ್ತಪರೀಕ್ಷೆ

'ಸಾ, ನೀವೂ ಒಂದ್ ಸಲ ಟೆಸ್ಟ್ ಮಾಡಿಸ್ಕತೀರಾ?'

ಇಷ್ಟು ಚಿಕ್ಕ ಪ್ರಶ್ನೆಗೆ ನಾನು ಅಷ್ಟು ಬೆವರಿದ್ದು ಅದೇ ಮೊದಲು.

ಆದದ್ದಿಷ್ಟು. ನಮ್ಮೂರು ಶ್ರೀರಂಗಪಟ್ಟಣದಲ್ಲಿ ಎಚ್‌ಐವಿ ಜಾಗೃತಿ ಕಾರ್ಯಕ್ರಮ. ಮಂಗಳಮುಖಿಯರಿಗಾಗಿಯೇ ಏರ್ಪಡಿಸಿದ್ದು. ನಾನು ಮುಖ್ಯ ಅತಿಥಿ. (ಅಂಕಣ ಬರೆಯುವವನಿಗೆ ಎಲ್ಲವೂ ಗೊತ್ತು ಎಂದು ಸಂಘಟಕರು ನಂಬಿರುತ್ತಾರೆ. ನಾವೂ ಆ ನಂಬಿಕೆ ಕೆಡಿಸಲು ಹೋಗುವುದಿಲ್ಲ.) ಈ ಸೋಂಕು ಉಳಿದವರಿಗಿಂತ ನಿಮ್ಮಲ್ಲಿ ಹೆಚ್ಚು, ಎಚ್ಚರವಾಗಿರಿ, ಸಂಕೋಚ ಬಿಟ್ಟು ಪರೀಕ್ಷೆ ಮಾಡಿಸಿಕೊಳ್ಳಿ ಎಂದೆ. ಚಪ್ಪಾಳೆ ಬಂತು.

ಆಮೇಲೆ ಭಾಗ್ಯ ಎದ್ದರು. ಕೆ.ಆರ್.ಎಸ್. ಕಡೆಯ ಮಂಗಳಮುಖಿ, ನಲವತ್ತರ ಆಸುಪಾಸು. ಮೈಕು ಇಸಿದುಕೊಂಡರು.

'ನಮ್ಮಲ್ಲಿ ಜಾಸ್ತಿ ಅಂದ್ರಿ, ದಿಟವೇ. ಯಾಕೆ ಅಂತ ಮಾತ್ರ ಏಳ್ನಿಲ್ಲ. ಮನೇಲಿ ಇರಾಕ್ ಬುಡ್ನಿಲ್ಲ. ಯಾರೂ ಕೆಲ್ಸ ಕೊಡ್ನಿಲ್ಲ. ರೋಡಿಗ್ ಬಂದೊ. ಕುಡ್ಕಂಡ್ ಬರೋರಿಗೆ ಕಾಂಡೋಮ್ ಹಾಕ್ಕಳಿ ಅಂದ್ರೆ ಕೆನ್ನೆಗ್ ಬಾರಿಸ್ತಾರೆ. ಅವ್ರೂ ಊರೊಳಗಿನ ಗಂಡಸ್ರೇ ತಾನೆ ಸಾ? ಅವ್ರನ್ನ ಯಾರೂ ಇಂಥ ಭಾಷಣಕ್ಕೆ ಕರ್ಯಕಿಲ್ಲ.'

ಅಷ್ಟು ಹೇಳಿ ಆ ಪ್ರಶ್ನೆ ಕೇಳಿದ್ದು. ಪರೀಕ್ಷೆಯ ವ್ಯಾನು ಬಾಗಿಲಲ್ಲೇ ನಿಂತಿತ್ತು.

ವೇದಿಕೆಯ ಮೇಲಿದ್ದ ನಾವೆಲ್ಲ ಒಟ್ಟಿಗೇ ಬ್ಯುಸಿಯಾದೆವು. ಒಬ್ಬರು ಫೋನು ಕಿವಿಗಿಟ್ಟರು. ಇನ್ನೊಬ್ಬರಿಗೆ ಶುಗರ್ ನೆನಪಾಯಿತು. ನನಗೆ ಕೆ.ಆರ್.ಪೇಟೆಯಲ್ಲಿ ಇನ್ನೊಂದು ಕಾರ್ಯಕ್ರಮ. (ಇರಲಿಲ್ಲ.) ಹಾಕಿದ ಶಾಲು ಹೊದ್ದುಕೊಂಡೇ ಕಾರು ಹತ್ತಿದೆ. ಭಾಗ್ಯ ತಮ್ಮ ಜೊತೆಯವರನ್ನು ವ್ಯಾನಿನ ಮುಂದೆ ಸಾಲು ನಿಲ್ಲಿಸುತ್ತಿದ್ದರು. ನನ್ನತ್ತ ನೋಡಲೂ ಇಲ್ಲ.

ರೋಗದ ಭಯವೇ? ಖಂಡಿತ ಅಲ್ಲ. ಆ ಸಾಲಿನಲ್ಲಿ ನನ್ನನ್ನು ಪರಿಚಯದವರು ನೋಡಿಬಿಟ್ಟರೆ? 'ಇವನಿಗ್ಯಾಕಪ್ಪ ಈ ಟೆಸ್ಟು?' ಎಂದು ಟೀ ಅಂಗಡಿಯಲ್ಲಿ ಮಾತಾಡಿಕೊಂಡರೆ? ಭಯ ಅದು.

ಆ ವಾರ ಬರೆಯಲು ಕೂತರೆ ಪೆನ್ನು ಓಡಲಿಲ್ಲ. ಕೊನೆಗೊಂದು ಬೆಳಗ್ಗೆ ಮನೆಯಲ್ಲಿ ಹೇಳದೆ ನಾಗಮಂಗಲಕ್ಕೆ ಹೊರಟೆ. ಹತ್ತಿರದ ಪಾಂಡವಪುರ ಬೇಡವೆನಿಸಿತು, ಅಲ್ಲಿ ಹೆಂಡತಿಯ ತವರಿದೆ. ಕಾರೂ ಬೇಡವೆನಿಸಿತು, ಗುರುತು ಸಿಗುತ್ತದೆ. ಬಸ್ಸು ಹತ್ತಿದೆ. ಮಾಸ್ಕು, ಟೋಪಿ ಹಾಕಿಕೊಂಡು ಆಸ್ಪತ್ರೆಯಲ್ಲಿ ಎಚ್‌ಐವಿ ಪರೀಕ್ಷೆಯ ಕೊಠಡಿಯ ಹೊರಗಿನ ಬೆಂಚಿನ ತುದಿಯಲ್ಲಿ ಕುಳಿತೆ.

'ಏನ್ ಸಾ, ನೀವಿಲ್ಲಿ?'

ಸಂತೆಬಾಚಹಳ್ಳಿಯ ಓದುಗರೊಬ್ಬರು! (ವಾರವಾರ ಫೋಟೊ ಸಮೇತ ಬರೆಯುವವನಿಗೆ ಟೋಪಿ ಏನು ಮಾಡೀತು?)

'ನೆಂಟರೊಬ್ಬರು ಅಡ್ಮಿಟ್ ಆಗಿದ್ದಾರೆ' ಎಂದೆ. ಅವರು ಬಾಗಿಲ ಮೇಲಿನ ಬೋರ್ಡು ಓದಿದರು. ನನ್ನನ್ನು ನೋಡಿದರು. 'ಓ... ಅಂಗಾ' ಎಂದು ಹೊರಟರು. ಅವರು ಕಾರಿಡಾರು ದಾಟುವವರೆಗೂ ನಾನು ತಲೆ ಎತ್ತಲಿಲ್ಲ.

ಒಳಗಿದ್ದ ಹೆಣ್ಣುಮಗಳು ಸೌಜನ್ಯದಿಂದ ಮಾತಾಡಿಸಿದರು. ಪರೀಕ್ಷೆ ಯಾಕೆ ಮಾಡಿಸಿಕೊಳ್ಳಬೇಕೆನಿಸಿತು ಎಂದು ಮೆಲ್ಲಗೆ ಕೇಳಿದರು. 'ಸುಮ್ಮನೆ' ಎಂದೆ. ಊರಿಗೆಲ್ಲ ಬುದ್ಧಿ ಹೇಳುವವನ ಬಾಯಲ್ಲಿ ಬಂದದ್ದು ಅದೊಂದೇ ಪದ.

ರಿಪೋರ್ಟು ನೆಗೆಟಿವ್ ಬಂತು. ಏನೋ ಸಾಧಿಸಿದವನಂತೆ ಊರಿಗೆ ಮರಳಿದೆ.

ಮೊನ್ನೆ ಪೇಟೆ ಬೀದಿಯಲ್ಲಿ ಭಾಗ್ಯ ಸಿಕ್ಕರು. ನಾನೇ ಕರೆದು, ಟೆಸ್ಟ್ ಮಾಡಿಸಿದೆ ಎಂದೆ. ಎಲ್ಲಿ ಎಂದರು. ನಾಗಮಂಗಲ ಎಂದೆ. ಮೆಚ್ಚುತ್ತಾರೆ ಅಂದುಕೊಂಡಿದ್ದೆ.

'ಅಷ್ಟು ದೂರ್ವಾ?' ಎಂದರು. ಆಮೇಲೆ ಹೇಳಿದರು:

'ನಮ್ ಜೊತೇಲಿ ಚಂದ್ರಿ ಅಂತ ಇದ್ಲು ಸಾ. ಟೆಸ್ಟ್ ಮಾಡಿಸ್ಕಳೆ ಅಂದ್ರೆ, ಎಲ್ರೂ ನನ್ನೇ ನೋಡ್ತಾರೆ ಕಣಕ್ಕಾ ಅನ್ನೋಳು. ಗುರ್ತಿಲ್ದಿರೋ ಊರಿಗೇ ಕರ್ಕಂಡೋದೆ. ಅಲ್ಲೂ ಲೈನ್‌ನಲ್ಲಿದ್ದೋರೆಲ್ಲ ತಿರುಗ್ ತಿರುಗ್ ನೋಡುದ್ರು, ನಗಾಡುದ್ರು. ಬಾಗ್ಲಿಂದ್ಲೇ ವಾಪಸ್ ಬಂದ್ಬುಟ್ಲು. ಕೊನೆಗೆ ಉಸಾರಿಲ್ದೆ ಆಸ್ಪತ್ರೆಗೆ ಸೇರ್ಸೋವತ್ಗೆ ತಡ ಆಗೋಗಿತ್ತು. ನಂಗೂ ಅದೇ ಕಾಯ್ಲೆ. ಮಾತ್ರೆ ತಕ್ಕಂಡು ಚೆನ್ನಾಗಿವ್ನಿ. ಅವ್ಳೂ ಇರ್ತಿದ್ಲು.'

ಸೆರಗು ಸರಿಮಾಡಿಕೊಂಡು ಮುಂದಿನ ಅಂಗಡಿಗೆ ನಡೆದರು. ಬೀದಿಯಲ್ಲಿದ್ದವರು ತಿರುಗಿ ಅವರನ್ನೇ ನೋಡುತ್ತಿದ್ದರು. ನನ್ನನ್ನು ಯಾರೂ ನೋಡಲಿಲ್ಲ.

ಬಚ್ಚಿಟ್ಟುಕೊಳ್ಳಲು ನನಗೆ ಇನ್ನೊಂದು ತಾಲ್ಲೂಕು ಇತ್ತು. ಚಂದ್ರಿ ಯಾವ ತಾಲ್ಲೂಕಿಗೆ ಹೋಗಬೇಕಿತ್ತು?