ನಮ್ಮ ರಕ್ತ, ಅವರ ಹಕ್ಕು

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಬಟ್ಟೆ ಹೊಲಿಯುತ್ತಿದ್ದ ಆ ಹೆಂಗಸನ್ನು ನೆಂಟರು 'ಸೂಜಿಯಕ್ಕ' ಎನ್ನುತ್ತಿದ್ದರು. ಹೊಲಿಗೆಗಿಂತ ಹೆಚ್ಚಾಗಿ, ರಕ್ತ ಕೊಡಿಸಿ ಕೊಡಿಸಿ ಅಂಟಿಕೊಂಡ ಹೆಸರು ಅದು.

ಅವಳ ಮೊದಲ ಮಗು ಕೈಕಾಲು ಸೋತು, ಕೊನೆಗೆ ನುಂಗುವ ಶಕ್ತಿಯೂ ಹೋಗಿ, ನಾಲ್ಕು ತುಂಬುವ ಮೊದಲೇ ತೀರಿಕೊಂಡಿತ್ತು. ಮನೆತನದಲ್ಲಿ ಅಂಥ ಮಕ್ಕಳು ಇನ್ನೂ ಐದು. "ಎಲ್ಲರ ರಕ್ತ ಸಿಕ್ಕಿದ್ರೆ ಕಾಯಿಲೆಯ ಮೂಲ ಹುಡುಕಬಹುದು," ಎಂದರು ಡಾಕ್ಟರು. ಅವಳು ರಜೆಯಲ್ಲೆಲ್ಲ ಮನೆ ಮನೆ ತಿರುಗಿದಳು. ಸೂಜಿ ಕಂಡರೆ ಮೂರ್ಛೆ ಹೋಗುವ ಸೋದರಮಾವನ ಕೈ ಹಿಡಿದು ಕೂತಳು. ಮಾತು ಬಿಟ್ಟಿದ್ದ ಅತ್ತಿಗೆಯ ಬಾಗಿಲನ್ನೂ ತಟ್ಟಿದಳು. ಒಂಬತ್ತು ವರ್ಷಗಳಲ್ಲಿ ಮೂವತ್ತೆಂಟು ಜನ ತೋಳು ಚಾಚಿದರು.

ಮೂಲ ಸಿಕ್ಕಿತು. ಡಾಕ್ಟರು ಅವಳೆದುರು ಕೂತು ಕಣ್ಣೊರೆಸಿಕೊಂಡರು. ಆಸ್ಪತ್ರೆಯ ಲ್ಯಾಬಿನಲ್ಲೇ ಹೊಟ್ಟೆಯ ಮಗುವಿಗೆ ಆ ಕಾಯಿಲೆ ಇದೆಯೇ ಎಂದು ನೋಡಲು ಬಸುರಿಯರಿಗೆ ಪುಕ್ಕಟೆ ಪರೀಕ್ಷೆ ಶುರುವಾಯಿತು. ಮೂರು ವರ್ಷದ ಮೇಲೆ ಬಸುರಿಯಾಗಿದ್ದ ತಂಗಿಯ ಮಗಳನ್ನು ಕರೆದುಕೊಂಡು ಹೋದಾಗ ಲ್ಯಾಬಿನವನು ತಲೆ ತಗ್ಗಿಸಿದ.

"ಈ ಪರೀಕ್ಷೆ ನಾವಿನ್ನು ಮಾಡೋ ಹಾಗಿಲ್ಲ ಅಕ್ಕ. ಪೇಟೆಂಟ್ ಆಗಿದೆ, ಹಕ್ಕೆಲ್ಲ ಒಂದು ಔಷಧಿ ಕಂಪನಿಯದು. ಕಂಪನಿಯವರ ಲ್ಯಾಬಿಗೇ ಹೋಗ್ಬೇಕು, ತುಂಬಾ ದುಬಾರಿ."

"ರಕ್ತ ನಮ್ದಲ್ವೇನಪ್ಪ?"

"ರಕ್ತ ನಿಮ್ದೇ. ಅದರೊಳಗೆ ಸಿಕ್ಕಿದ್ದು ಅವರದಂತೆ."

ಅವಳು ಮೆಟ್ಟಿಲು ಹತ್ತಿ ಡಾಕ್ಟರ ಕೋಣೆಗೆ ಹೋದಳು. ಅವರು ಮುಚ್ಚಿಡಲಿಲ್ಲ. "ಪೇಟೆಂಟ್ ಅರ್ಜಿಗೆ ನಾನೂ ಸಹಿ ಹಾಕಿದೀನಮ್ಮ. ಹಕ್ಕು ಸಿಗದಿದ್ರೆ ಔಷಧಿಗೆ ಯಾರೂ ದುಡ್ಡು ಹಾಕಲ್ಲ ಅಂದ್ರು ಕಂಪನಿಯವರು. ಅದೂ ಸುಳ್ಳಲ್ಲ."

"ನೆಂಟರ ಬಾಗಿಲು ತಟ್ಟಿದ್ದು ನಾನು. ಈಗ ಅವರಿಗೆ ಏನಂತ ಹೇಳ್ಲಿ?"



ತಂಗಿಯ ಮಗಳು ಪರೀಕ್ಷೆಯಿಲ್ಲದೆಯೇ, ಜೀವ ಕೈಯಲ್ಲಿ ಹಿಡಿದುಕೊಂಡು ಹೆತ್ತಳು. ಪುಣ್ಯಕ್ಕೆ ಮಗು ಗಟ್ಟಿಯಾಗಿತ್ತು. ಅಷ್ಟರಲ್ಲಿ ಔಷಧಿಯ ಸಂಶೋಧನೆಗೆಂದು ಕಂಪನಿ ಮತ್ತೆ ರಕ್ತ ಕೇಳಿತು. ಅವಳು ಮತ್ತೆ ಆ ಮೂವತ್ತೆಂಟು ಜನರ ಮನೆ ಹತ್ತಿಳಿದಳು. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳಲು. ಮಂಡಿ ನೋವಿನಿಂದಾಗಿ ಅದಕ್ಕೆ ಐದು ತಿಂಗಳು ಹಿಡಿಯಿತು. ಪರೀಕ್ಷೆ ಪುಕ್ಕಟೆ ಆಗುವ ತನಕ ಕೊಡೆವು ಎಂದರು ಬಹಳ ಮಂದಿ. ಕಾಯಿಲೆಯ ಮೊಮ್ಮಗನನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಅತ್ತಿಗೆ ಮಾತ್ರ, "ಯಾರ ಹೆಸರಲ್ಲಾದ್ರೂ ಬರ್ಲಿ, ನಂಗೆ ಔಷಧಿ ಬಂದ್ರೆ ಸಾಕು," ಎಂದು ತೋಳು ಚಾಚಿದಳು. ಸೂಜಿಯಕ್ಕ ಅವಳ ಕೈ ಹಿಡಿದು ಪಕ್ಕದಲ್ಲಿ ಕೂತಳು.

ವರ್ಷ ಕಳೆದ ಮೇಲೆ, ಬೇಕಾದಷ್ಟು ರಕ್ತ ಸಿಗದೆ ಕಂಪನಿ ಸ್ವಲ್ಪ ಬಗ್ಗಿತು: ಆ ಮನೆತನದವರಿಗಷ್ಟೇ ಆಸ್ಪತ್ರೆಯ ಲ್ಯಾಬಿನಲ್ಲೇ ಪರೀಕ್ಷೆ ಪುಕ್ಕಟೆ. ನೆಂಟರು ಹಿಗ್ಗಿದರು. ಅವಳಿಗೆ ಹಿಗ್ಗುವಷ್ಟು ತ್ರಾಣ ಉಳಿದಿರಲಿಲ್ಲ.

ಒಂದು ಮಧ್ಯಾಹ್ನ ಲ್ಯಾಬಿನ ಮುಂದೆ, ಕತ್ತು ನಿಲ್ಲದ ಮಗುವನ್ನು ಹೆಗಲಿಗೆ ಹಾಕಿಕೊಂಡ ಬಸುರಿಯೊಬ್ಬಳು ನಿಂತಿದ್ದಳು. ಅದೇ ಕಾಯಿಲೆ, ಬೇರೆ ಮನೆತನ. ಲ್ಯಾಬಿನವನು ಮನೆತನದವರ ಪಟ್ಟಿ ಹಿಡಿದು ಸೂಜಿಯಕ್ಕನ ಮುಖ ನೋಡಿದ.

"ಬರ್ಕೊಳಪ್ಪ," ಎಂದಳು ಅವಳು. "ನಮ್ಮ ಚಿಕ್ಕಪ್ಪನ ಮೊಮ್ಮಗಳು."

ಅವನು ಬರೆದುಕೊಂಡ.