ಗೋಲ್‌ಪೋಸ್ಟಿನ ಹಿಂದೆ ಆಡಿದ ಮಾತು

ನಮ್ಮ ತಂಡದ ಗೋಲಿಗೆ ಏಳನೆಯ ಸಲ ಚೆಂಡು ಬಿದ್ದಾಗ ನನ್ನ ಅಕ್ಕಪಕ್ಕ ನಿಂತಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಎದುರು ತಂಡದವರಲ್ಲ, ನಮ್ಮವರೇ. ಬಿದ್ದದ್ದು ಅವರ ಗೋಲಿಗಿರಬೇಕು, ನನಗೇ ದಿಕ್ಕು ತಪ್ಪಿದೆ ಎಂದುಕೊಂಡು ನಾನೂ ಸಂಭ್ರಮದಿಂದ ಕೈ ಎತ್ತಿಬಿಟ್ಟೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹೀರುತ್ತ ಮೈದಾನದ ಕಡೆಗೆ ಮೆಲ್ಲಗೆ, "ಬ್ರಾ ಶೆಂಪಾತ್" ಎಂದರು. ಚೆನ್ನಾಗಿ ಹೋರಾಡಿದಿರಿ ಎಂದರ್ಥ. ಸೊನ್ನೆಗೆ ಏಳು ಗೋಲು ತಿಂದವರಿಗೆ ಹೇಳುವ ಮಾತೇ ಇದು ಎಂದು ನನಗೆ ಬೆರಗಾಯಿತು.

ನಾನು ಓದಿದ್ದು ದಾವಣಗೆರೆಯಲ್ಲಿ. ನಮ್ಮ ಕಾಲೇಜಿನ ಕಬಡ್ಡಿ ತಂಡ ಸೋತರೆ ಆಟಗಾರರು ಹಿಂದಿನ ಗೇಟಿನಿಂದ ಮನೆಗೆ ಹೋಗುತ್ತಿದ್ದರು. ಮುಂದಿನ ಗೇಟಿನಲ್ಲಿ ಮಂಡಕ್ಕಿ ಮೆಲ್ಲುತ್ತ ನಿಂತವರು ಅವರ ವಂಶವನ್ನೆಲ್ಲ ಜಾಲಾಡಲು ಕಾಯುತ್ತಿದ್ದರು. ಮರುದಿನ ಅದೇ ಜನ ಅದೇ ಆಟಗಾರರನ್ನು ಕೂರಿಸಿಕೊಂಡು ಮಿರ್ಚಿ ಕೊಡಿಸುತ್ತಿದ್ದರು. ಬೈದವರೇ ಕೊಡಿಸಬೇಕು, ಬೈಸಿಕೊಂಡವರೇ ತಿನ್ನಬೇಕು. ಅದರಲ್ಲಿ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ.

ಸ್ವೀಡನ್ನಿನ ಈ ಶೋವ್ಡೆ ಎಂಬ ಊರಿಗೆ ನಾವು ಬಂದದ್ದು ನನ್ನ ಗಂಡ ಗಿರೀಶ್‌ಗೆ ಇಲ್ಲಿನ ಕಾರ್ ಎಂಜಿನ್ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದ್ದರಿಂದ. ನನಗೆ ಆಮೇಲೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು. ಮನೆ ಸಿಕ್ಕಿದ್ದು ಮೂರನೆಯ ಮಹಡಿಯಲ್ಲಿ. ಆ ಮಹಡಿಯಲ್ಲಿ ಇನ್ನೂ ಮೂರು ಮನೆಗಳಿವೆ. ಮೊದಲ ಚಳಿಗಾಲ ಪೂರ್ತಿ ಒಂದು ವಿಚಿತ್ರವನ್ನು ಗಮನಿಸಿದೆ. ನಾನು ಹೊರಗೆ ಬಂದು ಬೀಗ ಹಾಕುತ್ತಿದ್ದರೆ ಎದುರು ಮನೆಯ ಒಳಗೆ ಬೂಟಿನ ಸದ್ದು ಬಾಗಿಲವರೆಗೆ ಬಂದು ನಿಂತುಬಿಡುತ್ತಿತ್ತು. ನಾನು ಮೆಟ್ಟಿಲು ಇಳಿದ ಮೇಲಷ್ಟೇ ಆ ಬಾಗಿಲು ತೆರೆಯುತ್ತಿತ್ತು. ಮೆಟ್ಟಿಲಲ್ಲಿ ಎದುರಾದರೆ ಮಾತಾಡಬೇಕಾದೀತು ಎಂದು ಕಿಂಡಿಯಲ್ಲಿ ನೋಡಿಕೊಂಡು ಹೊರಡುವುದು ಇಲ್ಲಿ ಬಹಳ ಜನರ ರೂಢಿಯಂತೆ. ನಮ್ಮ ಬೀದಿಯಲ್ಲಿ "ಎಲ್ಲಿಗೆ ಹೊರಟ್ರಿ" ಎಂಬ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಹೆಣಗುತ್ತಿದ್ದವಳು ಇಲ್ಲಿ ಯಾರಾದರೂ ಒಮ್ಮೆ ಹಾಗೆ ಕೇಳಲಿ ಎಂದು ಹಂಬಲಿಸಿದೆ.

ವಲಸೆ ಬಂದವರಿಗೆ ಕೊಮ್ಯೂನ್, ಅಂದರೆ ನಮ್ಮ ನಗರಸಭೆಯಂಥದ್ದು, ಪುಕ್ಕಟೆಯಾಗಿ ಸ್ವೀಡಿಷ್ ಕಲಿಸುತ್ತದೆ. ಆ ತರಗತಿಯ ಟೀಚರಿಗೆ ನನ್ನ ಅಳಲು ತೋಡಿಕೊಂಡಾಗ ಅವರು ಹೇಳಿದ್ದು ಒಂದೇ ಮಾತು: "ಯಾವುದಾದರೂ ಫೊರೇನಿಂಗ್ ಸೇರು." ಫೊರೇನಿಂಗ್ ಎಂದರೆ ಸಂಘ. ಈ ದೇಶದಲ್ಲಿ ಹಾಡಲು, ಅಣಬೆ ಹುಡುಕಲು, ನಾಯಿ ಸಾಕಲು, ಎಲ್ಲದಕ್ಕೂ ಸಂಘವಿದೆ. ಮೆಟ್ಟಿಲಲ್ಲಿ ಮಾತಾಡದ ಮನುಷ್ಯ ಸಂಘದಲ್ಲಿ ಸಿಕ್ಕರೆ ಅವನ ಮೊಣಕಾಲು ನೋವಿನ ಕಥೆಯನ್ನೂ ಹೇಳುತ್ತಾನೆ.

ನನ್ನ ವಿಭಾಗದಲ್ಲೇ ಕೆಲಸ ಮಾಡುವ ಅನ್ನಿಕಾ ನನ್ನನ್ನು ವಿದ್ಯಾರ್ಥಿಗಳ ಫುಟ್‌ಬಾಲ್ ಸಂಘಕ್ಕೆ ಎಳೆದುಕೊಂಡು ಹೋದಳು. ಆ ಏಳು ಗೋಲಿನ ಆಟ ನಾನು ಅಲ್ಲಿ ನೋಡಿದ ಮೊದಲ ಆಟ. ಅವಳಿಗೆ ಐವತ್ತು ದಾಟಿದೆ. ಇಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯುವುದರಿಂದ ನನಗೂ ಅವಳು ಬರೀ ಅನ್ನಿಕಾ. ಈ ಸಂಘಗಳಲ್ಲಿ ಸುಮ್ಮನೆ ಬಂದು ಆಟ ನೋಡಿ ಹೋಗುವುದು ಸಾಲದು, ಸರದಿಯ ಮೇಲೆ ಒಂದು ಕೆಲಸ ಮಾಡಬೇಕು. ನಮ್ಮಿಬ್ಬರ ಪಾಲಿಗೆ ಬಂದದ್ದು ಕಿಯೋಸ್ಕ್. ಅದು ಒಂದು ಗೋಲ್‌ಪೋಸ್ಟಿನ ಹಿಂದೆಯೇ ಇರುವ ಮರದ ಗೂಡಂಗಡಿ. ಅವಳು ಕಾಫಿ ಬಸಿದರೆ ನಾನು ಕೊರ್ವ್ ಎಂಬ ಮಾಂಸದ ಉದ್ದನೆಯ ತಿನಿಸನ್ನು ಇಕ್ಕಳದಲ್ಲಿ ಹಿಡಿದು ಬನ್ನಿನೊಳಗೆ ಇಡಬೇಕು. ಹುಟ್ಟಿದಾರಭ್ಯ ಮೊಟ್ಟೆ ಮುಟ್ಟದವಳು ಮುಖ ಆಚೆ ತಿರುಗಿಸಿಕೊಂಡು ಕೊರ್ವ್ ಇಡುವುದನ್ನು ನೋಡಿ ಗಿರೀಶ್ ನಕ್ಕಿದ್ದೇ ನಕ್ಕಿದ್ದು. ನನಗೆಂದು ಅನ್ನಿಕಾ ಸೋಯಾದ ಕೊರ್ವ್ ತಂದು, ಅದನ್ನೂ ಅದೇ ಇಕ್ಕಳದಲ್ಲಿ ಮಗುಚಿ, ಪ್ರೀತಿಯಿಂದ ಕೊಡುತ್ತಿದ್ದಳು. ನಾನು ನಗುತ್ತ ತೆಗೆದುಕೊಂಡು, ಅವಳು ಅತ್ತ ತಿರುಗಿದಾಗ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ.

ತಂಡವೋ, ಲೀಗಿನ ಕಟ್ಟಕಡೆಯ ಡಿವಿಷನ್ನಿನ ಕಟ್ಟಕಡೆಯ ಸ್ಥಾನದಲ್ಲಿತ್ತು. ಅಲ್ಲಿಂದ ಕೆಳಗೆ ಇಳಿಯುವುದಕ್ಕೆ ಜಾಗವೇ ಇರಲಿಲ್ಲ. ಆಟಗಾರರು ಅರ್ಧ ಜನ ಪರೀಕ್ಷೆ ಎಂದು ಬರುತ್ತಿರಲಿಲ್ಲ, ಬಂದವರಿಗೆ ಉಸಿರು ಸಾಲುತ್ತಿರಲಿಲ್ಲ. ಸೋಮವಾರದ ಫೀಕಾದಲ್ಲಿ, ಅಂದರೆ ಆಫೀಸಿನವರೆಲ್ಲ ಕೆಲಸ ಬಿಟ್ಟು ಕಾಫಿಗೆ ಕೂರುವ ಹೊತ್ತಿನಲ್ಲಿ, ಯಾರಾದರೂ ಮ್ಯಾಚ್ ಏನಾಯಿತು ಎಂದು ಕೇಳಿದರೆ ಅನ್ನಿಕಾ ನಿರಾಳವಾಗಿ "ನಾವು ಸೋತೆವು" ಎನ್ನುತ್ತಿದ್ದಳು. ನಾನು "ಅವರು ಸೋತರು" ಎನ್ನುತ್ತಿದ್ದೆ. ಒಂದೇ ಒಂದು ಸಲ ಮ್ಯಾಚ್ ಸಮವಾದಾಗ "ನಾವು ಸಮ ಮಾಡಿಕೊಂಡೆವು" ಎಂದೆ. ನನ್ನ ನಾಲಿಗೆಯ ಈ ಚಾಲಾಕಿತನ ನನಗೇ ಗೊತ್ತಾಗಿ ಲೋಟ ತೊಳೆಯುವ ನೆಪದಲ್ಲಿ ಎದ್ದುಹೋದೆ. ಇಂಥ ತಂಡವನ್ನು ನೋಡಲು ರಜೆಯ ದಿನ ಹೋಗುವುದಕ್ಕೂ ನಾಚಿಕೆ, ಮನೆಯಲ್ಲಿ ಉಳಿದರೆ ತಪ್ಪಿಸಿಕೊಂಡೆನಲ್ಲ ಎಂದೂ ನಾಚಿಕೆ.

ಈಗ ಬೇಸಗೆಯ ಇನ್ನೊಂದು ಮ್ಯಾಚಿನ ದಿನದ ಮಾತಿಗೆ ಬರುತ್ತೇನೆ.

ಹೊರದೇಶದಲ್ಲಿರುವ ಕನ್ನಡಿಗರಿಗೆಲ್ಲ ಒಂದು ದುರಭ್ಯಾಸ ಅಂಟಿಕೊಳ್ಳುತ್ತದೆ. ನಾಲ್ಕು ಜನರ ನಡುವೆ ನಿಂತು ಆ ನಾಲ್ಕು ಜನರ ಬಗ್ಗೆಯೇ ಕನ್ನಡದಲ್ಲಿ ಮಾತಾಡುವುದು. ಬಸ್ಸಿನಲ್ಲಿ ಎದುರು ಕೂತವರ ಟೋಪಿ, ಅಂಗಡಿಯಲ್ಲಿ ಮುಂದೆ ನಿಂತವರ ಜಿಪುಣತನ, ಯಾವುದೂ ನಮ್ಮ ಬಾಯಿಗೆ ಹೊರತಲ್ಲ. ಊರಿನಲ್ಲಿ ಬಾಗಿಲು ಹಾಕಿಕೊಂಡು ಆಡುವ ಮಾತನ್ನು ಇಲ್ಲಿ ಬಯಲಲ್ಲಿ ಆಡುತ್ತೇವೆ. ಯಾರಿಗೆ ತಿಳಿಯಬೇಕು ಎಂಬ ಧೈರ್ಯ.

ನಮ್ಮ ಗೋಲ್‌ಕೀಪರನ್ನು ಎಲ್ಲರೂ ಮೆಲ್ಲೆ ಎಂದು ಕರೆಯುತ್ತಿದ್ದರು. ಗಡ್ಡ ಬಿಟ್ಟ, ಕಂದು ಬಣ್ಣದ, ಎತ್ತರದ ಹುಡುಗ. ಪಿಎಚ್‌ಡಿ ಮಾಡುತ್ತಿದ್ದಾನೆ ಎಂದಷ್ಟೇ ಅನ್ನಿಕಾ ಹೇಳಿದ್ದಳು. ಆ ದಿನ ದ್ವಿತೀಯಾರ್ಧದಲ್ಲಿ ಅವನು ನಮ್ಮ ಕಿಯೋಸ್ಕಿನ ಎದುರಿನ ಗೋಲಿನಲ್ಲಿ ನಿಂತಿದ್ದ. ಗಿರೀಶ್ ಕಾಫಿ ಹಿಡಿದು ನನ್ನ ಕೌಂಟರಿಗೆ ಒರಗಿಕೊಂಡಿದ್ದರು. ದೂರದಿಂದ ಒದ್ದ ಚೆಂಡೊಂದು ಮೆಲ್ಲಗೆ ಪುಟಿದು ಬಂದು ಮೆಲ್ಲೆಯ ಕೈಯಡಿಯಿಂದ ನುಸುಳಿ ಬಲೆ ಸೇರಿತು. ಸುತ್ತಲೂ ಅದೇ ಚಪ್ಪಾಳೆ.

"ಬ್ರೆಜಿಲ್ ಕಡೆಯೋನು ಇರ್ಬೇಕು ನೋಡು," ಎಂದರು ಗಿರೀಶ್.

"ಬ್ರೆಜಿಲ್‌ನೋನಾಗಿ ಹಿಂಗ್ ಆಡೋದೇನ್ರೀ? ಒಂದು ಕಂಬ ನಿಲ್ಸಿದ್ರೂ ಇವನಿಗಿಂತ ವಾಸಿ ಇರ್ತಿತ್ತು. ಇವನ ಅಪ್ಪ ಅಮ್ಮಂಗೆ ಗೊತ್ತಾದ್ರೆ ಮನೆ ಒಳಗೆ ಸೇರಿಸ್ತಾರಾ ಇವನ್ನ?"

ಅವನು ಬಲೆಯಿಂದ ಚೆಂಡು ತೆಗೆಯಲು ಬಗ್ಗಿದ್ದ. ಎದ್ದು ನಿಂತು, ಚೆಂಡನ್ನು ಗ್ಲೌಸಿನಿಂದ ಒರೆಸುತ್ತ, ಗಟ್ಟಿಯಾಗಿಯೂ ಅಲ್ಲ, ಮೆಲ್ಲಗೂ ಅಲ್ಲ, ಹೇಳಿದ: "ಸೇರಿಸ್ತಾರೆ ಅಕ್ಕ. ಮನೆ ಮಂಗಳೂರಲ್ಲಿ ಉಂಟು."

ಚೆಂಡನ್ನು ಮೈದಾನದ ನಡುವಿಗೆ ಎಸೆದು ತನ್ನ ಜಾಗಕ್ಕೆ ಹೋಗಿ ನಿಂತ. ನನ್ನ ಕೈಯಲ್ಲಿದ್ದ ಬನ್ನು ಕೆಳಗೆ ಬಿತ್ತು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದು ಬರೀ ಮಾತಿನ ಅಲಂಕಾರ ಎಂದುಕೊಂಡಿದ್ದೆ. ಗಿರೀಶ್ ಲೋಟ ಅಲ್ಲೇ ಬಿಟ್ಟು, ಶೌಚಾಲಯ ಎಲ್ಲಿದೆ ಎಂದು ಯಾರನ್ನೋ ಕೇಳಿಕೊಂಡು ಮಾಯವಾದರು.

ಆಮೇಲೆ ತಿಳಿಯಿತು, ಹೆಸರು ಮೆಲ್ವಿನ್. ಸ್ವೀಡಿಷರು ಪ್ರೀತಿಯಿಂದ ಮೊಟಕು ಮಾಡಿದ್ದು ಮೆಲ್ಲೆ. ಮ್ಯಾಚ್ ಮುಗಿದ ಮೇಲೆ ಕ್ಷಮೆ ಕೇಳೋಣವೆಂದು ಹತ್ತಿರ ಹೋದೆ. ಅವನು ಇಂಗ್ಲಿಷಿನಲ್ಲಿ "ನೋ ಪ್ರಾಬ್ಲಮ್, ಹ್ಯಾವ್ ಎ ನೈಸ್ ವೀಕೆಂಡ್" ಎಂದು ಮುಗುಳ್ನಕ್ಕು ಹೊರಟುಹೋದ. ಅಲ್ಲಿಂದ ಮುಂದೆ ಎದುರಾದಾಗಲೆಲ್ಲ ಇಂಗ್ಲಿಷ್, ಇಲ್ಲವೇ ಸ್ವೀಡಿಷಿನ ಒಂದು "ಹೇಯ್". ಕನ್ನಡದಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಈ ಊರಿನಲ್ಲಿ ಕನ್ನಡದ ನಾಲ್ಕು ಮಾತಿಗೆ ನಾನು ಎಷ್ಟು ಬಾಯಾರಿದ್ದೆ ಎಂದು ನನಗೆ ಗೊತ್ತು. ಅಕ್ಕ ಎಂದು ಕರೆದ ಒಬ್ಬ ಹುಡುಗ ಸಿಕ್ಕಿದ, ಅವನನ್ನೂ ನನ್ನ ಬಾಯಿಯೇ ತಿಂದುಹಾಕಿತು. ಅವನು ಇನ್ನೊಮ್ಮೆ ಕನ್ನಡದಲ್ಲಿ ಮಾತಾಡಿದರೆ ಸಾಕು ಎಂಬುದೊಂದೇ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ಅದಕ್ಕಾಗಿ ಮಾಡಬಾರದ್ದನ್ನೆಲ್ಲ ಮಾಡಿದೆ. ಬೇರೆಯವರ ಸರದಿಯ ದಿನವೂ ಕಿಯೋಸ್ಕಿಗೆ ಹೋದೆ. ಅವನು ಚೆಂಡು ಮುಟ್ಟಿದರೆ ಚಪ್ಪಾಳೆ, ಮುಟ್ಟದಿದ್ದರೂ ಚಪ್ಪಾಳೆ. ಕನ್ನಡಿಯ ಮುಂದೆ ನಿಂತು ಬ್ರಾ ಶೆಂಪಾತ್ ಎನ್ನುವುದನ್ನು ಸರಿಯಾದ ರಾಗದಲ್ಲಿ ಕಲಿತೆ. ಡಬ್ಬಿಯಲ್ಲಿ ಚಿತ್ರಾನ್ನ ಒಯ್ದು ತಂಡಕ್ಕೆಲ್ಲ ಹಂಚುವ ನೆಪದಲ್ಲಿ ಅವನಿಗೂ ಕೊಟ್ಟೆ. "ತಕ್, ವೆರಿ ನೈಸ್," ಎಂದು ಸ್ವೀಡಿಷಿನ ಥ್ಯಾಂಕ್ಸಿಗೆ ಇಂಗ್ಲಿಷ್ ಬೆರೆಸಿ ಹೇಳಿದ. ಗಿರೀಶ್ ಮನೆಯಲ್ಲಿ ಛೇಡಿಸಿದರು: "ಕೊಟ್ಟೋಳು ಕೋಡಂಗಿ, ಇಸ್ಕೊಂಡೋನು ವೀರಭದ್ರ ಅಂತಾರಲ್ಲ, ಹಂಗಾಯ್ತು ನಿನ್ ಚಿತ್ರಾನ್ನದ ಕಥೆ." ನನಗೆ ನಗು ಬರಲಿಲ್ಲ.

ಸೆಪ್ಟೆಂಬರಿನ ಒಂದು ಮ್ಯಾಚಿನಲ್ಲಿ ಐದು ಗೋಲು ಬಿಟ್ಟುಕೊಟ್ಟು ಅವನು ತಲೆ ತಗ್ಗಿಸಿ ಬರುತ್ತಿದ್ದ. ನಾನು ಕಲಿತ ರಾಗದಲ್ಲೇ, "ಬ್ರಾ ಶೆಂಪಾತ್, ಮೆಲ್ಲೆ," ಎಂದೆ. ಅವನು ನಿಂತ. ಗ್ಲೌಸು ಬಿಚ್ಚಿದ.

"ಅಕ್ಕ, ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ಅವತ್ತು ನೀವು ಬೈದದ್ದಕ್ಕೆ ನನಗೆ ಬೇಜಾರಾದದ್ದು ಹೌದು, ಅದು ಎರಡು ದಿನ. ಆ ಬಾಲ್ ನಾನು ಹಿಡೀಬೇಕಿತ್ತು. ಊರಲ್ಲಾದ್ರೆ ನಮ್ಮ ಕೋಚ್ ಇದಕ್ಕಿಂತ ಜಾಸ್ತಿ ಬೈತಿದ್ರು."

ನಾನು ಏನೋ ಹೇಳಹೋದೆ. ಅವನು ಬಿಡಲಿಲ್ಲ.

"ಆದ್ರೆ ಆಮೇಲೆ ನೀವೂ ಇವರ ಹಾಗೆ ಚಪ್ಪಾಳೆ ತಟ್ಲಿಕ್ಕೆ ಶುರು ಮಾಡಿದ್ರಲ್ಲ, ಅದು ತಡಿಲಿಕ್ಕೆ ಆಗುದಿಲ್ಲ ಮಾರಾಯ್ರೆ. ಇವನು ಹಿಡೀಬಹುದಿತ್ತು ಅಂತ ಇಡೀ ಗ್ರೌಂಡಲ್ಲಿ ಅನ್ಸಿದ್ದು ನಿಮಗೊಬ್ರಿಗೆ. ಈಗ ನೀವೂ ಬಿಟ್ಬಿಟ್ರಿ."

ಇಷ್ಟು ಹೇಳಿ ಶವರಿನ ಕಡೆಗೆ ಹೋದ. ಕೊನೆಗೂ ಕನ್ನಡದಲ್ಲಿ ಮಾತಾಡಿದ್ದ, ಆದರೆ ನನಗೆ ಬೇಕಾಗಿದ್ದ ಮಾತು ಇದಾಗಿರಲಿಲ್ಲ. ಬೈದದ್ದಕ್ಕೆ ನಾಚಿಕೊಂಡು ಹೊಗಳಿದ್ದೆ. ಈಗ ಹೊಗಳಿದ್ದಕ್ಕೆ ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಬೈಗುಳದಲ್ಲಿ ಸಿಟ್ಟಾದರೂ ಇತ್ತು, ನನ್ನ ಚಪ್ಪಾಳೆಯಲ್ಲಿ ಇದ್ದದ್ದು ನನ್ನ ಬಗ್ಗೆಯೇ ನನಗಿದ್ದ ಮರುಕ.

ಋತುವಿನ ಕೊನೆಯ ಮ್ಯಾಚ್ ಅಕ್ಟೋಬರಿನಲ್ಲಿ ಬಂತು. ಬಿಲ್ಲಿಂಗೆನ್ ಗುಡ್ಡದ ಕಡೆಯಿಂದ ಕೊರೆಯುವ ಗಾಳಿ ಬೀಸುತ್ತಿತ್ತು. ಹಾಗಾಗಿ ಕಿಯೋಸ್ಕಿನ ಮುಂದೆ ಕಾಫಿಗೆ ಸಾಲು. ದ್ವಿತೀಯಾರ್ಧದಲ್ಲಿ ಮೆಲ್ವಿನ್ ನಮ್ಮ ಕಡೆಯ ಗೋಲಿಗೆ ಬಂದ. ಆಗಲೇ ಎರಡು ಬಿದ್ದಿದ್ದವು. ಎದುರು ತಂಡದವನೊಬ್ಬ ಚೆಂಡು ತಳ್ಳಿಕೊಂಡು ಒಬ್ಬನೇ ನುಗ್ಗಿ ಬರುತ್ತಿದ್ದ. ಮೆಲ್ವಿನ್ ಎಂದಿನಂತೆ ಗೆರೆಗೆ ಅಂಟಿಕೊಂಡು ನಿಂತಿದ್ದ. ನಾನು ಇಕ್ಕಳ ಹಿಡಿದ ಕೈಯನ್ನೇ ಬೀಸಿ ಕೂಗಿದೆ:

"ಮುಂದೆ ಬಾರೋ! ಅಲ್ಲೇ ಯಾಕ್ ಗೂಟ ಹೊಡ್ಕಂಡು ನಿಂತಿದೀಯ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಈ ದೇಶದ ಮೈದಾನಗಳಲ್ಲಿ ಆಟಗಾರರ ಮೇಲೆ ಹೀಗೆ ಹರಿಹಾಯುವುದು ಸಭ್ಯರ ಲಕ್ಷಣವಲ್ಲ. ಅನ್ನಿಕಾ "ಓಯ್" ಎಂದಳು, ಕಾಲಿಗೆ ಏನೋ ತಾಗಿದವರ ಹಾಗೆ. ಮೆಲ್ವಿನ್ ಮಾತ್ರ ನನ್ನ ಮಾತಿಗೆ ಬೆಲೆ ಕೊಟ್ಟು ದಾಪುಗಾಲಿಟ್ಟು ಮುಂದೆ ಬಂದ. ಎದುರಾಳಿ ಅದನ್ನೇ ಕಾಯುತ್ತಿದ್ದವನಂತೆ ಚೆಂಡನ್ನು ಅವನ ತಲೆಯ ಮೇಲಿಂದ ಹಗುರಾಗಿ ಎತ್ತಿ ಹಾಕಿದ. ಚೆಂಡು ಖಾಲಿ ಗೋಲಿನೊಳಗೆ ಉರುಳಿತು.

ಸುತ್ತಲೂ ಚಪ್ಪಾಳೆ ಶುರುವಾಯಿತು. ಮೆಲ್ವಿನ್ ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದ.

"ಈಗ ಎಂತ ಹೇಳ್ತೀರಿ ಅಕ್ಕ?"

"ತಪ್ಪಾಯ್ತಪ್ಪಾ," ಎಂದೆ, ಅಷ್ಟೂ ಜನರ ಎದುರಿಗೆ, ಗಟ್ಟಿಯಾಗಿ. "ಎಲ್ಲಾ ನಂದೇ ತಪ್ಪು."

ಅವನು ನಕ್ಕ. ಅಲ್ಲಿಯವರೆಗೆ ಅವನ ಹಲ್ಲು ಕಂಡಿರಲಿಲ್ಲ. ಬೇಸಗೆಯಿಂದ ಎದೆಯಲ್ಲಿ ಹೊತ್ತುಕೊಂಡಿದ್ದ ಕಲ್ಲು ಇಳಿದಂತಾಗಿ ನನ್ನ ಕಣ್ಣು ತುಂಬಿತು.

"ಏನು ಹೇಳಿದೆ ಅವನಿಗೆ?" ಅನ್ನಿಕಾ ಸ್ವೀಡಿಷಿನಲ್ಲಿ ಕೇಳಿದಳು.

"ಮೊದಲು ಬೈದೆ. ಆಮೇಲೆ ಕ್ಷಮೆ ಕೇಳಿದೆ."

"ಬೈದೆಯಾ? ಯಾಕೆ?"

ನನ್ನ ಸ್ವೀಡಿಷಿನಲ್ಲಿ ಅದನ್ನು ವಿವರಿಸುವಷ್ಟು ಶಕ್ತಿಯಿರಲಿಲ್ಲ. ಇದ್ದ ಪದಗಳನ್ನು ಜೋಡಿಸಿ ಹೇಳಿದೆ: "ನಮ್ಮ ಕಡೆ ಹಾಗೇ. ನಮ್ಮವರಾದರೆ ಮಾತ್ರ ಬೈಯುತ್ತೇವೆ."

ಅನ್ನಿಕಾ ಕಾಫಿಯ ಮುಂದಿನ ಲೋಟ ತುಂಬಿದಳು. ಸಾಲಿನಲ್ಲಿದ್ದವರಿಗೆ ಕೊಟ್ಟಳು. ಆಮೇಲೆ ನನ್ನ ಕಡೆ ನೋಡದೆ, ಕೌಂಟರಿನ ಮೇಲೆ ಚೆಲ್ಲಿದ್ದನ್ನು ಒರೆಸುತ್ತ, ತಮಾಷೆಯ ದನಿಯಲ್ಲೇ ಕೇಳಿದಳು:

"ಹಾಗಾದರೆ ಇಷ್ಟು ದಿನದಲ್ಲಿ ನನ್ನನ್ನು ಒಂದು ಸಲವೂ ಯಾಕೆ ಬೈದಿಲ್ಲ?"

ಅವಳು ಕೊಟ್ಟ ಸೋಯಾ ಕೊರ್ವ್ ಆ ಹೊತ್ತಿಗೂ ಕಾಗದದಲ್ಲಿ ಸುತ್ತಿಕೊಂಡು ನನ್ನ ಚೀಲದಲ್ಲೇ ಇತ್ತು; ನಾನು ಚೀಲವನ್ನು ಕಾಲಿನಿಂದ ಕೌಂಟರಿನ ಕೆಳಗೆ ಸರಿಸಿದೆ.