ಯಾವಾಗ ಹೊರಡುತ್ತೀರಿ ಎಂದು ಕೇಳದವಳು

ಮನೋರಮಾಗೆ ಹಿಂದಿ ಬರುತ್ತದೆ, ಇಂಗ್ಲಿಷ್ ಬರುತ್ತದೆ, ತರಕಾರಿ ಭಯ್ಯಾನ ಜತೆ ಜಗಳಕ್ಕೆ ನಿಂತರೆ ಅರ್ಧಂಬರ್ಧ ಪಂಜಾಬಿಯೂ ಬರುತ್ತದೆ. ಐವತ್ತೆಂಟು ವರ್ಷದ ಈ ಹೆಂಗಸಿಗೆ ಬಾರದ ಮಾತು ಒಂದೇ ಒಂದು. ಮನೆಗೆ ಬಂದವರನ್ನು "ಯಾವಾಗ ಹೊರಡ್ತೀರಿ?" ಎಂದು ಕೇಳುವುದು ಆಕೆಗೆ ಗೊತ್ತಿಲ್ಲ. ಕೇಳಿದ್ದರೆ ದೆಹಲಿಯ ಲಕ್ಷ್ಮೀ ನಗರದ ಆ ಎರಡನೇ ಮಹಡಿಯ ಮನೆ ಇವತ್ತಿಗೂ ಆಕೆಯ ಕೈಯಲ್ಲಿರುತ್ತಿತ್ತು.

ಗಂಡ ದಕ್ಷಿಣಾಮೂರ್ತಿ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮೂವತ್ತು ವರ್ಷ ಅವರ ಸರ್ಕಾರಿ ಕ್ವಾರ್ಟರ್ಸ್‌ಗೆ ಊರಿನವರು ಬಂದದ್ದೇ ಬಂದದ್ದು. ಆಸ್ಪತ್ರೆಗೆ ಬಂದವರು, ಇಂಟರ್‌ವ್ಯೂಗೆ ಬಂದವರು, ಸುಮ್ಮನೆ ಕೆಂಪುಕೋಟೆ ನೋಡಲು ಬಂದವರು ಎಲ್ಲರೂ ಅಲ್ಲೇ. ಎಷ್ಟು ದಿನ ಇರುತ್ತೀರಿ ಎಂದು ದಕ್ಷಿಣಾಮೂರ್ತಿ ಒಬ್ಬರನ್ನೂ ಕೇಳಿದವರಲ್ಲ. "ಹೊರಡ್ತೀವಿ ಅಂತ ಅವರೇ ಹೇಳ್ಬೇಕು, ಇನ್ನೆರಡು ದಿನ ಇದ್ದು ಹೋಗಿ ಅಂತ ನಾವು ಹೇಳ್ಬೇಕು, ಅಷ್ಟೇ," ಎನ್ನುತ್ತಿದ್ದರು. ದೆಹಲಿಯ ಕನ್ನಡದ ಮನೆಗಳಲ್ಲಿ ಇದು ಹಲ್ಲುಜ್ಜಿದಷ್ಟೇ ಸಹಜವಾದ ವಿಷಯ.

ಅವರು ತೀರಿಹೋಗಿ ನಾಲ್ಕು ವರ್ಷವಾಯಿತು. ಕ್ವಾರ್ಟರ್ಸ್ ಬಿಡಬೇಕಾಗಿ ಬಂದು ಮನೋರಮಾ ಫರೀದಾಬಾದಿನಲ್ಲಿದ್ದ ಮೈದುನ ಅನಂತರಾಮನ ಮನೆಗೆ ಹೋದಳು. ಹಾಲ್‌ನಲ್ಲಿ ಟಿವಿ ಪಕ್ಕ ಹಾಸಿಗೆ. ನಲವತ್ತನೆಯ ದಿನ ವಾರಗಿತ್ತಿ ಮೈತ್ರೇಯಿ ಕಾಫಿ ಲೋಟ ಕೈಗಿಡುತ್ತಾ, ನಗುತ್ತಲೇ, "ಅಕ್ಕಾ, ಮುಂದೆ ಏನು ಅಂತ ಯೋಚನೆ ಮಾಡಿದೀರಿ?" ಎಂದಳು. ಮನೋರಮಾ ಆ ಕಾಫಿಯನ್ನು ಕುಡಿಯದೆ ಹಾಗೇ ಕೆಳಗಿಟ್ಟಳು. ವಾರದೊಳಗೆ ಲಕ್ಷ್ಮೀ ನಗರದ ಈ ಬಾಡಿಗೆ ಮನೆ ಹಿಡಿದಳು. ಪಿಂಚಣಿ ಊಟಕ್ಕೂ ಔಷಧಿಗೂ ಸರಿಹೋಗುತ್ತಿತ್ತು. ಬಾಡಿಗೆ ಹುಟ್ಟಬೇಕಾದದ್ದು ಬಾತ್‌ರೂಮ್ ಇದ್ದ ಮುಂದಿನ ಕೋಣೆಯಿಂದ.

ಆ ಕೋಣೆಯನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಆ್ಯಪಿಗೆ ಹಾಕಿದವಳು ಮಗಳು ಧಾರಿಣಿ. ಗ್ರೇಟರ್ ನೋಯ್ಡಾದ ಕಾಲೇಜೊಂದರಲ್ಲಿ ಲ್ಯಾಬ್ ಕೆಲಸ, ಅಲ್ಲೇ ಮೂವರು ಹುಡುಗಿಯರ ಜತೆ ಒಂದು ರೂಮು. ಮೊದಲೆರಡು ವರ್ಷ ಎಲ್ಲವೂ ಚೆನ್ನಾಗಿತ್ತು. ಕೋಚಿಂಗ್‌ಗೆ ಬರುವ ಮಕ್ಕಳ ಅಪ್ಪ ಅಮ್ಮಂದಿರು ಬರುತ್ತಿದ್ದರು, ಬೆಳಿಗ್ಗೆ ಬಿಸಿ ದೋಸೆ ತಿಂದು ಐದೈದು ಸ್ಟಾರ್ ಕೊಟ್ಟು ಹೋಗುತ್ತಿದ್ದರು. ಹೆಸರಿನ ಪಕ್ಕ ಚಿನ್ನದ ಬಣ್ಣದ ಬ್ಯಾಡ್ಜ್ ಬೇರೆ. ಅದನ್ನು ಮನೋರಮಾ ಎಷ್ಟು ಜನಕ್ಕೆ ತೋರಿಸಿದ್ದಳೋ ಲೆಕ್ಕವಿಲ್ಲ.

"ಅಮ್ಮಾ, ಒಂದು ಮಾತು ನೆನಪಿಟ್ಕೋ," ಎಂದಿದ್ದಳು ಧಾರಿಣಿ. "ಗೆಸ್ಟ್ ಕ್ಯಾನ್ಸಲ್ ಮಾಡಿದ್ರೆ ಕೋಯಿ ಬಾತ್ ನಹೀ. ನೀನು ಮಾಡಿದ್ರೆ ಮಾತ್ರ ಪೆನಾಲ್ಟಿ. ನಿನ್ನ ಲಿಸ್ಟಿಂಗ್ ಕೆಳಗೆ ಹೋಗುತ್ತೆ, ಆಮೇಲೆ ಯಾರಿಗೂ ಕಾಣಿಸೋದೇ ಇಲ್ಲ. ಊರಿನವರು ಬಂದ್ರೆ ಅಷ್ಟು ದಿನ ಕ್ಯಾಲೆಂಡರ್ ಬ್ಲಾಕ್ ಮಾಡಿಬಿಡು, ಅಷ್ಟೇ."

ಅಷ್ಟೇ ಅಂತೆ! ಕ್ಯಾಲೆಂಡರಿಗೆ ಎರಡು ತಾರೀಖು ಬೇಕು, ಬಂದದ್ದು ಮತ್ತು ಹೋಗುವುದು. ಹೋಗುವ ತಾರೀಖನ್ನು ಯಾರ ಬಾಯಿಂದ ಹೊರಡಿಸುವುದು?

ಕಳೆದ ಅಕ್ಟೋಬರಿನಲ್ಲಿ ಗಂಡನ ಹಳೆಯ ಸ್ನೇಹಿತರ ಮಗ ಮಹಂತೇಶ್ ಯೂನಿವರ್ಸಿಟಿ ಕೆಲಸಕ್ಕೆಂದು ಬಂದ. ನಾಲ್ಕು ದಿನವಿರಬಹುದೆಂದು ಮನೋರಮಾ ಅಂದಾಜು ಹಾಕಿದಳು. ಪುಣ್ಯಾತ್ಮ ಹದಿನಾರು ದಿನ ಇದ್ದ. ಅಷ್ಟರಲ್ಲಿ ಬಂದಿದ್ದ ಬುಕಿಂಗನ್ನು ಆಕೆ ರದ್ದು ಮಾಡಿದಳು, ಬ್ಯಾಡ್ಜ್ ಹೋಯಿತು. ಅವಳ ಪುಟದ ಮೇಲೆ, "ಅತಿಥಿ ಬರುವ ಹಿಂದಿನ ದಿನ ಮನೆಯವರು ಬುಕಿಂಗ್ ರದ್ದು ಮಾಡಿದ್ದಾರೆ" ಎಂಬ ಸಾಲು ತಾನಾಗಿಯೇ ಬಂದು ಕೂತಿತು. ಜನವರಿಯಲ್ಲಿ ಮತ್ಯಾರೋ ಬಂದರು, ಮತ್ತದೇ ಕಥೆ. ಆ ಸಲ ಪೈಪ್ ಒಡೆದಿದೆ ಎಂದು ಸುಳ್ಳು ಬರೆದಳು. ಆ್ಯಪಿನ ಕಂಪನಿಯವರು ಫೋಟೋ ಕೇಳಿದರು. ಬಾತ್‌ರೂಮಿನಲ್ಲಿ ಎರಡು ಬಕೆಟ್ ನೀರು ಚೆಲ್ಲಿ ಫೋಟೋ ತೆಗೆದು ಕಳಿಸಿದಳು. ಪ್ಲಂಬರ್ ಬಿಲ್ಲೆಲ್ಲಿ ಎಂದರು. ಬಿಲ್ಲು ಎಲ್ಲಿಂದ ಬರಬೇಕು? ವರ್ಷದೊಳಗೆ ಇನ್ನೊಂದು ಸಲ ರದ್ದು ಮಾಡಿದರೆ ಪುಟವನ್ನೇ ತೆಗೆದುಹಾಕುತ್ತೇವೆ ಎಂದು ಎಚ್ಚರಿಕೆ ಬಂತು.

ಆಮೇಲೆ ಎರಡು ತಿಂಗಳು ನರಪಿಳ್ಳೆಯೂ ಬರಲಿಲ್ಲ. ಕೆಳಗಿನ ಮನೆಯಲ್ಲಿದ್ದ ಮಾಲೀಕ ಮೆಟ್ಟಿಲ ಮೇಲೆ ಅಡ್ಡಗಟ್ಟಿ, "ಬೆಹೆನ್‌ಜಿ, ಮುಂದಿನ ಒಂದನೇ ತಾರೀಖಿಗೆ ಬಾಡಿಗೆ ಕೊಡಿ, ಇಲ್ಲಾ ಚಾವಿ ಕೊಡಿ," ಎಂದು ಹೇಳಿಯೇಬಿಟ್ಟ. ಮನೋರಮಾ ಹೆದರಿಹೋದಳು. ಮನೆ ಹೋದರೆ ಮತ್ತೆ ಫರೀದಾಬಾದು, ಮತ್ತೆ ಟಿವಿ ಪಕ್ಕದ ಹಾಸಿಗೆ, ಮತ್ತೆ ಆ ಕಾಫಿ.

ಇಂಥ ಹೊತ್ತಿನಲ್ಲಿ ದೇವರು ಕಣ್ಣು ಬಿಟ್ಟ ಹಾಗೆ ಒಂದು ಬುಕಿಂಗ್ ಬಂತು. ನಾಗಪುರದ ಪ್ರೇರಣಾ ಎಂಬ ಹುಡುಗಿ, ಜತೆಗೆ ತಾಯಿ, ಕೋಚಿಂಗ್‌ಗೆಂದು ಪೂರಾ ಎರಡು ತಿಂಗಳು. ಸೋಮವಾರ ಬರುವವರು. ಅವರು ಬಂದು ಕೂತರೆ ಮಾಲೀಕನ ಬಾಯಿ ಮುಚ್ಚುತ್ತಿತ್ತು, ಮನೆ ಉಳಿಯುತ್ತಿತ್ತು.

ಆದರೆ ಮುಂದಿನ ಕೋಣೆಯಲ್ಲಿ ಆಗಲೇ ತಿಪಟೂರಿನ ಗಿರಿಜಮ್ಮ ಮತ್ತು ಅವರ ಗಂಡ ಶಂಕರಪ್ಪ ಇದ್ದರು. ದಕ್ಷಿಣಾಮೂರ್ತಿಯವರ ದೂರದ ಸಂಬಂಧ, ಎಷ್ಟು ದೂರ ಎಂದರೆ ಬಿಡಿಸಿ ಹೇಳಲು ಅರ್ಧ ಗಂಟೆ ಬೇಕು. ಶಂಕರಪ್ಪನವರ ಕುತ್ತಿಗೆಯ ಗಡ್ಡೆಗೆ ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಒಂದು ಚೀಲ ಕೊಬ್ಬರಿ ಹೊತ್ತು ಬಂದವರನ್ನು ಬಾಗಿಲಲ್ಲಿ ನಿಲ್ಲಿಸಲಾಗುತ್ತದೆಯೇ? ಹತ್ತು ದಿನ ಸಾಕಾಗಬಹುದು ಎಂದು ಮನೋರಮಾ ಮತ್ತೆ ತಾನೇ ಅಂದಾಜು ಹಾಕಿ ಅಷ್ಟನ್ನೇ ಬ್ಲಾಕ್ ಮಾಡಿದ್ದಳು. ಗುರುವಾರ ಹೊಲಿಗೆ ಬಿಚ್ಚಿದ್ದರು. ಶನಿವಾರ ಬಂತು. ಹೊರಡುವ ಸುದ್ದಿಯಿಲ್ಲ.

ಶನಿವಾರ ಬೆಳಿಗ್ಗೆ ಇವತ್ತು ಕೇಳಿಯೇ ಬಿಡುತ್ತೇನೆಂದು ಗಟ್ಟಿ ಮನಸ್ಸು ಮಾಡಿ ಕಾಫಿ ಹಿಡಿದು ಹೋದಳು. ಶಂಕರಪ್ಪ ಮಂಚದ ಮೇಲೆ ಕೂತು ಬ್ಯಾಗಿನಲ್ಲಿ ಏನನ್ನೋ ಜೋಡಿಸುತ್ತಿದ್ದರು.

ಗಿರಿಜಮ್ಮನೇ ಶುರು ಮಾಡಿದರು. "ಮನೋರಮಾ, ನಾವು ಹೊರಡೋ ವಿಷಯ..."

"ಹೊರಡೋದಾ!" ಮನೋರಮಾಳ ನಾಲಿಗೆ ಆಕೆಯನ್ನು ಕೇಳದೆಯೇ ಹೊರಳಿತು. "ಏನಕ್ಕಾ ನೀವು! ಹೊಲಿಗೆ ಬಿಚ್ಚಿ ಎರಡು ದಿನ ಆಗಿಲ್ಲ. ಈ ಮನೇಲಿ ಏನು ಕಮ್ಮಿಯಾಯ್ತು ನಿಮಗೆ? ಸುಮ್ನೆ ಇನ್ನೆರಡು ದಿನ ಇದ್ದು ಹೋಗಿ."

ಅಯ್ಯೋ ಪುಣ್ಯಾತ್ಗಿತ್ತಿ, ಬಾಗಿಲು ತಾನಾಗಿ ತೆರೆದಿತ್ತಲ್ಲ! ಮೂವತ್ತು ವರ್ಷ ಹೇಳಿ ಹೇಳಿ ಬಾಯಿಪಾಠವಾದ ಮಾತು, ಹೇಳುವ ಮೊದಲು ಒಂದು ಕ್ಷಣ ತುಟಿ ಕಚ್ಚಿಕೊಳ್ಳಬಾರದಿತ್ತೇ? ಗಿರಿಜಮ್ಮ ಆಕೆಯ ಮುಖವನ್ನೇ ನೋಡಿದರು, ಆಮೇಲೆ ಗಂಡನ ಮುಖ ನೋಡಿದರು. "ಆಯ್ತಮ್ಮ, ನೀನು ಇಷ್ಟು ಹೇಳಿದ ಮೇಲೆ," ಎಂದು ಶಂಕರಪ್ಪ ಬ್ಯಾಗನ್ನು ಮಂಚದ ಕೆಳಗೆ ತಳ್ಳಿದರು.

ಮನೋರಮಾ ಅಡುಗೆಮನೆಗೆ ಬಂದು ಹಣೆ ಹಣೆ ಚಚ್ಚಿಕೊಂಡಳು. ಅವರನ್ನು ಒಳಕೋಣೆಗೆ ಕಳಿಸೋಣವೆಂದರೆ ಅಲ್ಲಿ ಬಾತ್‌ರೂಮಿಲ್ಲ, ಹಿಂದಿನ ಕಕ್ಕಸಿನಲ್ಲಿ ಕುಕ್ಕರಗಾಲಲ್ಲಿ ಕೂರಬೇಕು, ಆಪರೇಷನ್ ಆದ ಮನುಷ್ಯ ಕೂರುವುದು ಹೇಗೆ? ಭಾನುವಾರ ಮಧ್ಯಾಹ್ನ ಮತ್ತೆ ಒಗೆದ ಚಾದರದ ನೆಪ ಮಾಡಿಕೊಂಡು ಬಾಗಿಲವರೆಗೆ ಹೋದಳು. ಶಂಕರಪ್ಪ ಕುತ್ತಿಗೆಯ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಮಲಗಿದ್ದರು. ಹಾಗೇ ವಾಪಸು ಬಂದಳು.

"ಪೂಛ್ ಲೋ ನಾ ಅಮ್ಮಾ, ಕೇಳಿಬಿಡು!" ಧಾರಿಣಿ ಫೋನಿನಲ್ಲಿ ಕಿರುಚಿದಳು. "ಸಿಂಪಲ್ ಕ್ವೆಶ್ಚನ್ ಅದು!"

"ಆಗಲ್ಲ ಕಣೇ."

"ಮೈತ್ರೇಯಿ ಚಿಕ್ಕಮ್ಮ ನಿನ್ನ ಕೇಳಿದ್ರಲ್ಲ, ಅವರಿಗೆ ಹೇಗಾಯ್ತು?"

"ಅದಕ್ಕೇ ನನ್ ಕೈಲಿ ಆಗಲ್ಲ," ಎಂದಳು ಮನೋರಮಾ.

ಎರಡು ದಿನ ತಡವಾಗಿ ಬರಲಾದೀತೇ ಎಂದು ಪ್ರೇರಣಾಗೆ ಬರೆದು ಕೇಳಿದಳು. ಹುಡುಗಿ, "ಆಂಟಿ, ನಾವು ಆಗಲೇ ರೈಲು ಹತ್ತಿದ್ದೇವೆ. ಕ್ಲಾಸು ಸೋಮವಾರವೇ ಶುರು. ಎಲ್ಲಿಗೆ ಹೋಗಲಿ?" ಎಂದು ಬರೆದಳು. ಅದನ್ನು ಓದಿ ಮನೋರಮಾಗೆ ಅಳುವೇ ಬಂತು. ತಾಯಿ ಮಗಳು ಸ್ಟೇಷನ್ನಿನಲ್ಲಿಳಿದು ಬೀದಿಪಾಲಾಗುವ ಬದಲು ಇವತ್ತೇ ತಿಳಿಸಿದರೆ ಬೇರೆ ಕೋಣೆಯನ್ನಾದರೂ ಹುಡುಕಿಕೊಂಡಾರು. ಸಂಜೆ ನಾಲ್ಕಕ್ಕೆ ರದ್ದು ಮಾಡುವ ಗುಂಡಿ ಒತ್ತಿದಳು. ಕಾರಣವೇನೆಂದು ಆ್ಯಪು ಐದು ಆಯ್ಕೆ ಕೊಟ್ಟಿತು. ಆಕೆಯ ಕಾರಣ ಆ ಐದರಲ್ಲಿ ಇರಲಿಲ್ಲ. 'ಇತರೆ' ಎಂದು ಒತ್ತಿದಳು.

ಒಂದು ಗಂಟೆಯೊಳಗೆ ಕಂಪನಿಯ ಸಂದೇಶ ಬಂತು. ಪುಟ ತೆಗೆದುಹಾಕಿದ್ದರು, ಕಾಯಂ ಆಗಿ. ಲಕ್ಷ್ಮೀ ನಗರ ಎಂದು ತಾನೇ ಹುಡುಕಿ ನೋಡಿದಳು. ಪಕ್ಕದ ಗಲ್ಲಿಯ ಮನೆಗಳು, ಎದುರಿನ ಕಟ್ಟಡದ ಇಲಿಬೋನಿನಂಥ ಕೋಣೆಗಳು ಸಹ ಸಾಲಾಗಿ ಬಂದವು. ಆಕೆಯ ಮನೆ ಎಷ್ಟು ಕೆಳಗೆ ಹೋದರೂ ಸಿಗಲಿಲ್ಲ.

ಸೋಮವಾರ ಬೆಳಿಗ್ಗೆ ಎದ್ದು ಬಂದರೆ ಗಿರಿಜಮ್ಮ ಸ್ನಾನ ಮುಗಿಸಿ, ಬ್ಯಾಗು ಹೊರಗಿಟ್ಟು ಕೂತಿದ್ದಾರೆ!

"ಇವತ್ತು ಮಾತ್ರ ತಡೀಬೇಡ ಕಣಮ್ಮ, ಹೊರಡ್ತೀವಿ," ಎಂದರು ಗಿರಿಜಮ್ಮ. "ಡಾಕ್ಟ್ರು ಗುರುವಾರವೇ ಊರಿಗೆ ಹೋಗ್ಬಹುದು ಅಂದಿದ್ರು. ಶನಿವಾರದ ರೈಲಿಗೆ ಟಿಕೆಟ್ಟೂ ಆಗಿತ್ತು. ಅವತ್ತು ಇದ್ದು ಹೋಗಿ ಅಂದೆಯಲ್ಲ, ನಿನ್ನ ಮುಖ ನೋಡಿದೆ, ಅಳೋ ಹಾಗಿತ್ತು. ಪಾಪ, ಒಬ್ಬಳೇ ಇರ್ತೀಯ, ಬೇಜಾರಾಗಿದೆ ಅನ್ನಿಸ್ತು. ಟಿಕೆಟ್ ಕ್ಯಾನ್ಸಲ್ ಮಾಡಿಸಿಬಿಡಿ, ಇವಳ ಜತೆ ಎರಡು ದಿನ ಇರೋಣ ಅಂತ ನಾನೇ ಇವರಿಗೆ ಹೇಳ್ದೆ."

ಮನೋರಮಾಗೆ ಕೂಗಿ ಹೇಳಬೇಕೆನ್ನಿಸಿತು, ನನಗೆ ಬೇಕಾಗಿರಲಿಲ್ಲ ಅಕ್ಕಾ, ನೀವು ಹೋಗಿದ್ದರೆ ನಾನು ಉಳಿಯುತ್ತಿದ್ದೆ ಎಂದು. ಅವರ ಮೇಲೆ ಸಿಟ್ಟು ಬಂತು, ತನ್ನ ಮೇಲೆ ಅದರ ಹತ್ತರಷ್ಟು ಬಂತು. ಅವರ ಮುಖದಲ್ಲಿ ಪ್ರೀತಿ ಬಿಟ್ಟು ಬೇರೇನೂ ಇರಲಿಲ್ಲ.

"ಒಳ್ಳೇದು ಮಾಡಿದ್ರಿ ಅಕ್ಕಾ," ಎಂದು ಒಳಗೆ ಹೋಗಿ ರೈಲಿಗೆ ಚಿತ್ರಾನ್ನ ಕಲಸಿ ಕಟ್ಟಿಕೊಟ್ಟಳು.

ಆಟೋ ಹತ್ತಿದ ಮೇಲೆ ಶಂಕರಪ್ಪ ತಲೆ ಹೊರಗೆ ಹಾಕಿದರು. "ಮೂರು ತಿಂಗಳಿಗೆ ಮತ್ತೆ ತೋರಿಸೋಕೆ ಬರಬೇಕಮ್ಮ. ನಿನ್ನ ಮನೆ ಬಿಟ್ಟು ಬೇರೆ ಎಲ್ಲೂ ಇಳಿಯಲ್ಲ."

"ಇಳಿದು ನೋಡಿ, ನಾನು ಸುಮ್ನೆ ಬಿಡ್ತೀನಾ?" ಎಂದಳು ಮನೋರಮಾ. "ಹತ್ತು ದಿನ ಇರೋ ಹಾಗೇ ಬನ್ನಿ ಭಾವ."

ಆಟೋ ಮಾರ್ಕೆಟ್ಟಿನ ಕಡೆ ತಿರುಗಿತು. ಮನೋರಮಾ ಮೇಲೆ ಬಂದು ಮುಂದಿನ ಕೋಣೆಯ ಚಾದರ ತೆಗೆದಳು, ಅದನ್ನು ಒಗೆದು ಹರವಿದಳು. ಒಂದನೇ ತಾರೀಖಿಗೆ ಇನ್ನು ಆರು ದಿನ. ಕೊನೆಗೆ ಫರೀದಾಬಾದಿಗೆ ಫೋನ್ ಮಾಡಿದಳು.

"ಅಯ್ಯೋ, ಬನ್ನಿ ಅಕ್ಕಾ, ಅದಕ್ಕೇನು," ಎಂದಳು ಮೈತ್ರೇಯಿ. ಆ ಕಡೆ ಟಿವಿ ಜೋರಾಗಿ ಕೇಳಿಸುತ್ತಿತ್ತು. "ಎಷ್ಟು ದಿನಕ್ಕೆ ಬರ್ತಿದೀರಿ?"